ಬರ್ತೇನಿ ಅಂದರೆ ಹೋಗುತ್ತೇನೆ ಎಂದು ಅರ್ಥ

ಹೊರಗೆ ಬೆಳಗಿನ ಹನ್ನೊಂದು ಗಂಟೆಯ ಬಿಸಿಲು. ಗೋವಾದ ಪರ್ವರಿಯ ಫಿಲು ಬಾಯಿಯ ಬಂಗಲೆಯ ಪಡಸಾಲೆಯಲ್ಲಿ ಮಾತ್ರ ನಡುರಾತ್ರಿಯಾಗಿತ್ತು. ಕಿಟಕಿಗಳಿಗೆಲ್ಲ ಕರೀ ಬಟ್ಟೆ ಬಿಗಿದು, ಬಾಗಿಲ ಸಂದಿಗೂ ಚಿಂದಿ ತುರುಕಿದ್ದರು. ಒಳಗಿದ್ದವರು ಯಾರೆಂದರೆ: ದಿಲ್ಲಿ ಕಡೆಯ ಡೈರೆಕ್ಟರ್, ಅವನ ಕ್ಯಾಮೆರಾದವರು, ನಮ್ಮಂತೆ ಸೀರೆ ಎತ್ತಿ ಸಿಕ್ಕಿಸಿಕೊಂಡ ಹೀರೋಯಿನ್, ಸೋಫಾದಲ್ಲಿ ಜಪಮಾಲೆ ಹಿಡಿದು ಕೂತ ಮನೆಯೊಡತಿ ಫಿಲು ಬಾಯಿ, ಆಕೆಯ ತೊಡೆಯ ಮೇಲೆ ನಾಯಿ, ಬಾಗಿಲ ಹತ್ತಿರ ಬಕೆಟ್ಟು ಹಿಡಿದ ನಾನು, ನನ್ನ ಬೆನ್ನ ಹಿಂದೆ ನನ್ನ ತಮ್ಮನ ಸೊಸೆ ರೇಣುಕಾ.

ರೇಣುಕಾ ಆಗಷ್ಟೇ ಊರಿಂದ ಬಂದಿದ್ದಳು. ಕಿವಿಯಲ್ಲಿ ಪಿಸುಗುಟ್ಟಿದಳು: "ಅತ್ತಿ, ಹೊರಗ ಅಷ್ಟ್ ಬಿಸಲೈತಿ. ಇವರ್ಯಾಕ ಕತ್ತಲ್ಯಾಗ ಕುಂತಾರ?"

"ಸುಮ್ನಿರು. ದೆವ್ವ ಬರೂದೈತಿ."

"ಯಾವಾಗ ಬರತೈತ್ರಿ?"

"ಊಟಕ್ಕ ಬಿಡೂದ್ರೊಳಗ ಬರಬೇಕಂತ ಹೇಳ್ಯಾರ."

ದೆವ್ವದ ಸಿನಿಮಾ ಅದು. ಕಥೆ ಮಾತ್ರ ನಮ್ಮದೇ ಅಂತೆ. ಘಟ್ಟದ ಆಚೆಯಿಂದ ಗೋವಾಕ್ಕೆ ಮನೆಗೆಲಸಕ್ಕೆ ಬಂದ ಹೆಣ್ಣುಮಗಳು. ದೊಡ್ಡ ಮನೆ. ಮಾತಾಡಿಸುವವರಿಲ್ಲ. ಬರಬರುತ್ತಾ ಆಕೆಯ ತಲೆ ಕೆಡುತ್ತದೆ. ಮನೆಯಲ್ಲಿ ದೆವ್ವ ಇದೆಯೋ, ಆಕೆಯೇ ದೆವ್ವವೋ ಎಂದು ಕೊನೆಯವರೆಗೂ ಹೇಳುವುದಿಲ್ಲ. ಡೈರೆಕ್ಟರ್ ಇದನ್ನು ಹಿಂದಿಯಲ್ಲಿ ನನಗೆ ವಿವರಿಸಿ, "ಹೇಗಿದೆ ಆಂಟಿ?" ಎಂದು ಕೇಳಿದ. "ಆಕೆಗೆ ಎಷ್ಟು ಮನೆ ಕೆಲಸ ಇದೆ?" ಎಂದು ಕೇಳಿದೆ. ಒಂದೇ ಮನೆ ಎಂದ. ಒಂದೇ ಮನೆಯಾದರೆ ತಲೆ ಕೆಡಿಸಿಕೊಳ್ಳಲು ಪುರುಸೊತ್ತು ಸಿಗುತ್ತದೆ, ನಮಗೆಲ್ಲಿ ಅಂದುಕೊಂಡೆ.

ಹೊಸದಾಗಿ ಮನೆಗೆಲಸಕ್ಕೆ ಇಳಿಯುವ ಹುಡುಗಿಯರು ನನ್ನ ಹತ್ತಿರ ಬಂದು, "ಕಸ್ತೂರಕ್ಕಾ, ಈ ಕೆಲಸದಾಗ ಮೊದಲ ಏನ್ ಕಲೀಬೇಕ್ರಿ?" ಎಂದು ಕೇಳುತ್ತಾರೆ. ನಾನೀಗ ಕೆಲಸ ಬಿಟ್ಟಿದ್ದೇನೆ. ಸರಿಯಾಗಿ ಹೇಳಬೇಕೆಂದರೆ, ನನ್ನ ಮೊಣಕಾಲು ನನಗಿಂತ ಮೊದಲೇ ನಿವೃತ್ತಿ ತಗೊಂಡಿತು, ನಾನು ಅದರ ಹಿಂದೆ ಕುಂಟುತ್ತಾ ಬಂದೆ. ಪಾತ್ರೆ ಹೇಗೆ ತಿಕ್ಕಬೇಕು, ಯಾವ ನೆಲಕ್ಕೆ ಯಾವ ಔಷಧ ಹಾಕಬೇಕು ಎಂಬುದನ್ನು ಮನೆಯವರೇ ಹೇಳಿಕೊಡುತ್ತಾರೆ, ಹೇಳಿದ್ದನ್ನೇ ದಿನವೂ ಹೇಳುತ್ತಾರೆ. ಅದಕ್ಕೆ ನಾನು ಬೇಕಿಲ್ಲ. ನಾನು ಹೇಳುವುದು ಕೆಲಸ ಮುಗಿಸಿ ಹೊರಡುವ ಹೊತ್ತಿನ ಒಂದು ಮಾತಿನ ಬಗ್ಗೆ. ಆ ಮಾತಿನಿಂದ ರೇಣುಕಾಳ ಅನ್ನಕ್ಕೇ ಕುತ್ತು ಬಂದಿತ್ತು.

ನನ್ನ ಕನ್ನಡ ಅಜ್ಜಿಯದು. ವಾಸ್ಕೋದ ಹತ್ತಿರ ಬಾಯ್ನಾದ ದಂಡೆಯ ಮೇಲೆ ನಮ್ಮ ತಗಡಿನ ಮನೆ ಇತ್ತು. ಅಪ್ಪ, ಕಾಕಂದಿರೆಲ್ಲ ಬಂದರಿನಲ್ಲಿ ಮೂಟೆ ಹೊರುತ್ತಿದ್ದರು. ಎಲ್ಲರೂ ವಿಜಯಪುರದ ಕಡೆಯಿಂದ ಬಂದವರು. ಅಕ್ಷರ ಕಲಿಸಿದ್ದು ಸಂಜೆ ಹೊತ್ತು ಕನ್ನಡ ಸಂಘದಲ್ಲಿ ಪಾಠ ಹೇಳುತ್ತಿದ್ದ ಒಬ್ಬ ಮಾಸ್ತರರು. ಮಾತು ಕಲಿಸಿದ್ದು ಅಜ್ಜಿ. ಸಣ್ಣವಳಿದ್ದಾಗ ಒಂದು ದಿನ ಬಾಗಿಲಲ್ಲಿ ನಿಂತು ಅಜ್ಜಿಗೆ, "ಆಯಿ, ನಾ ಹೋಗ್ತೇನಿ" ಎಂದು ಕೂಗಿ ಓಡಿದೆ. ಅಜ್ಜಿ ಓಣಿಯ ತುದಿಯವರೆಗೆ ಬೆನ್ನಟ್ಟಿ, ಜಡೆ ಹಿಡಿದು ಎಳೆದು ತಂದು, ಮಣೆಯ ಮೇಲೆ ಕೂರಿಸಿ, ನೀರು ಕುಡಿಸಿ, "ಈಗ ಹೇಳು" ಅಂದಳು. "ಬರ್ತೇನಿ" ಅಂದೆ. "ಹಾಂ. ಹೋಗಿ ಬಾ" ಅಂದಳು. ಅಷ್ಟಾದ ಮೇಲೆ ಬಿಟ್ಟಳು. ಹೋಗುವುದು ಅಂದರೆ ಬೇರೆಯೇ ಹೋಗುವುದು. ಬಾಳುವ ಮನೆಯಿಂದ ಹೊರಡುವವರು ಬರುತ್ತೇನೆ ಅನ್ನಬೇಕು, ಒಳಗಿದ್ದವರು ಹೋಗಿ ಬಾ ಅನ್ನಬೇಕು. ಇಷ್ಟು ತಿಳಿದುಕೊಂಡೇ ನಾನು ಕೆಲಸಕ್ಕೆ ಇಳಿದದ್ದು.

ಮತ್ತೆ ಸಿನಿಮಾಕ್ಕೆ ಬರುತ್ತೇನೆ.

ಕೆಲಸದವಳ ಕೋಣೆ ಅವರಿಗೆ ಬೇಕಾಗಿತ್ತು. ಫಿಲು ಬಾಯಿಯ ಮನೆಯಲ್ಲಿ ಅಡಿಗೆಮನೆಯ ಹಿಂದೆ ನಿಜವಾದ ಕೆಲಸದವರ ಕೋಣೆಯೇ ಇತ್ತು. ಕ್ಯಾಮೆರಾ ಹಿಡಿಸಲಿಲ್ಲ. ಕ್ಯಾಮೆರಾ ಒಳಗೆ ಹೋದರೆ ಹೀರೋಯಿನ್ ಹೊರಗೆ, ಹೀರೋಯಿನ್ ಒಳಗೆ ಹೋದರೆ ಕ್ಯಾಮೆರಾ ಹೊರಗೆ. ಕಡೆಗೆ ಹಿತ್ತಲಲ್ಲಿ ಪ್ಲೈವುಡ್ಡಿನಿಂದ ಒಂದು ಇಕ್ಕಟ್ಟಿನ ಕೋಣೆ ಕಟ್ಟಿದರು. ಉಸಿರುಗಟ್ಟುವಂತಿರಬೇಕು ಎಂದು ಡೈರೆಕ್ಟರ್ ತಾನೇ ನಿಂತು ಕಟ್ಟಿಸಿದ. ನೋಡಲು ನಮ್ಮ ಓಣಿಯ ಹೆಂಗಸರೆಲ್ಲ ಬಂದರು. ಅಷ್ಟು ದೊಡ್ಡ ಕೋಣೆಯನ್ನು ನಮ್ಮ ಓಣಿ ಕಂಡಿರಲಿಲ್ಲ. ರೇಣುಕಾ ಮತ್ತು ಅವಳ ಗಂಡ ಇರುವ ಬಾಡಿಗೆ ಮನೆ ಅದರ ಅರ್ಧ. ನಮ್ಮ ಪಕ್ಕದ ಮನೆಯ ಮಲ್ಲವ್ವ ಗೋಡೆ ತಟ್ಟಿ ನೋಡಿ, ಕಿಟಕಿ ತೆಗೆದು ಹಾಕಿ ಮಾಡಿ, ಡೈರೆಕ್ಟರನನ್ನೇ ಕೇಳಿದಳು: "ಸಿನಿಮಾ ಮುಗದ ಮ್ಯಾಲ ಇದನ್ನ ಬಾಡಗಿಗೆ ಕೊಡ್ತೀರೇನ್ರಿ?"

ಅವನು ನನ್ನ ಮುಖ ನೋಡಿದ. "ಬಹಳ ಭಯ ಆಗ್ತದೆ ಅಂತಿದ್ದಾಳೆ" ಎಂದು ಹಿಂದಿಯಲ್ಲಿ ಹೇಳಿದೆ. ಖುಷಿಪಟ್ಟ.

ಒಳ್ಳೆಯ ಹುಡುಗ ಅವನು. ನಮ್ಮ ಕಷ್ಟ ನಿಜವಾಗಿ ತಿಳಿಯಬೇಕೆಂಬ ಆಸೆ ಇತ್ತು. ಒಂದು ಮಧ್ಯಾಹ್ನ ನನಗೆ ಕುರ್ಚಿ ಹಾಕಿ, ಚಹಾ ತರಿಸಿ, ಈ ಕೆಲಸದಲ್ಲಿ ಭಯವಾದದ್ದು ಏನಾದರೂ ಇದ್ದರೆ ಹೇಳಿ ಎಂದ. ಹೇಳಿದೆ. ಒಂದು ಮನೆಯಲ್ಲಿ ಮನೆಯೊಡತಿ ದುಬೈಯಲ್ಲಿ ಇದ್ದಳು. ಛಾವಣಿಯಲ್ಲಿ ಕ್ಯಾಮೆರಾ ಇಡಿಸಿದ್ದಳು. ನಾನು ಒಬ್ಬಳೇ ಕಸ ಹೊಡೆಯುವಾಗ ಮೇಲಿನಿಂದ ದನಿ ಬರುತ್ತಿತ್ತು: "ಕಸ್ತೂರೀ, ಸೋಫಾದ ಕೆಳಗೆ." ಮೊದಲನೇ ದಿನ ನಾನು ಕಸಬರಿಗೆ ಕೆಳಗಿಟ್ಟು ಛಾವಣಿಗೆ ಕೈ ಮುಗಿದಿದ್ದೆ. ಡೈರೆಕ್ಟರ್ ತಲೆಯಾಡಿಸಿ, "ಅದು ಎಲ್ಲರ ಮನೆಯಲ್ಲೂ ಇದೆ ಆಂಟಿ, ಯಾರೂ ಹೆದರುವುದಿಲ್ಲ" ಎಂದ.

ಇನ್ನೊಂದು ಹೇಳಿದೆ. ಒಂದು ಮನೆಯಲ್ಲಿ ನನ್ನನ್ನು ಲಕ್ಷ್ಮಿ ಎಂದು ಕರೆಯುತ್ತಿದ್ದರು. ನನ್ನ ಹೆಸರು ಹೇಳಿದರೆ, ಇರಲಿ, ಮೊದಲಿನವಳು ಲಕ್ಷ್ಮಿ ಇದ್ದಳು, ನಮಗೆ ಅದೇ ಬಾಯಿಗೆ ಬಂದಿದೆ ಅನ್ನುತ್ತಿದ್ದರು. ಬಹಳ ದಿನದ ಮೇಲೆ ಮೀನು ಮಾರುಕಟ್ಟೆಯಲ್ಲಿ ಆ ಮೊದಲಿನವಳು ಸಿಕ್ಕಳು. "ನೀನೇನವಾ ಲಕ್ಷ್ಮಿ?" ಅಂದೆ. "ಅಲ್ರೀ ಅಕ್ಕಾ, ನಾ ಶಾಂತವ್ವ. ಲಕ್ಷ್ಮಿ ನನಗಿಂತ ಮೊದಲಿನಾಕಿ ಅಂತ" ಅಂದಳು. ಇದನ್ನು ಕೇಳಿ ಡೈರೆಕ್ಟರ್ ತನ್ನ ಚಹಾದ ಲೋಟ ಕೆಳಗಿಟ್ಟ. ಆಮೇಲೆ, "ಇದನ್ನು ಸಿನಿಮಾದಲ್ಲಿ ತೋರಿಸಿದರೆ ನೋಡುವವರು ನಂಬುವುದಿಲ್ಲ" ಎಂದ.

ಅವನಿಗೆ ಬೇಕಾದ ಭಯ ಬೇರೆ ಕಡೆಯಿಂದ ಸಿಕ್ಕಿತು. ಹೀರೋಯಿನ್‌ಗೆ ನೆಲ ಒರೆಸಲು ಬರುತ್ತಿರಲಿಲ್ಲ. ಮುಂದೆ ಮುಂದೆ ಒರೆಸುತ್ತಾ ಹೋಗಿ, ಒರೆಸಿದ ಕಡೆಯೇ ಮತ್ತೆ ಕಾಲಿಟ್ಟು ಹೆಜ್ಜೆ ಗುರುತು ಮಾಡುತ್ತಿದ್ದಳು. ನಾನು ಸೆರಗು ಸಿಕ್ಕಿಸಿಕೊಂಡು ಕೂತು ತೋರಿಸಿದೆ: ಕುಕ್ಕುರುಗಾಲಲ್ಲಿ ಕೂರಬೇಕು, ಬಟ್ಟೆ ಬಲಕ್ಕೂ ಎಡಕ್ಕೂ ಬೀಸಬೇಕು, ಹಿಂದಕ್ಕೆ ಸರಿಯುತ್ತಾ ಬಾಗಿಲಿಗೆ ಬರಬೇಕು. ಆಗ ನನ್ನ ಕೂದಲು ಬಿಚ್ಚಿ ಮುಖದ ಮೇಲೆ ಬಿದ್ದಿತ್ತು. ಹಿಂದಕ್ಕೆ ಹಿಂದಕ್ಕೆ ಸರಿದು, ಬಾಗಿಲಿಗೆ ಬಂದು, ಸೊಂಟ ಹಿಡಿದು ಎದ್ದು ನಿಂತೆ. ಹೊತ್ತಾಗಿತ್ತು, ಇನ್ನೊಂದು ಮನೆಗೆ ಹೋಗಬೇಕಿತ್ತು. ಎಂದಿನಂತೆ ಫಿಲು ಬಾಯಿಗೆ, "ಬರ್ತೇನ್ರಿ ಬಾಯಿ" ಅಂದೆ.

ಫಿಲು ಬಾಯಿ ಜಪಮಾಲೆಯಿಂದ ಕಣ್ಣೆತ್ತದೆ ಎಂದಿನಂತೆ ಕೊಂಕಣಿಯಲ್ಲಿ, "ಯೋ ಗೋ, ಯೋ" ಅಂದಳು. ಬಾ ಮಗಳೇ ಬಾ ಎಂದು ಅದರ ಅರ್ಥ. ಅವರಲ್ಲೂ ಹಾಗೆಯೇ, ಹೊರಟವರು ಬರುತ್ತೇನೆ ಅನ್ನುತ್ತಾರೆ.

ಡೈರೆಕ್ಟರನ ಮೈಮೇಲಿನ ಕೂದಲು ನೆಟ್ಟಗೆ ನಿಂತಿತ್ತು. ತೋಳು ಚಾಚಿ ತೋರಿಸಿದ. "ಏನಂದಿರಿ? ಹೋಗುವಾಗ ಏನಂದಿರಿ?"

"ಬರ್ತೇನಿ ಅಂದೆ."

"ಅಂದರೆ?"

"ಬರುತ್ತೇನೆ ಅಂತ."

"ಹೋಗುತ್ತಾ ಬರುತ್ತೇನೆ ಅಂದಿರಾ!" ಎಂದು ಕುರ್ಚಿಯಿಂದ ಎದ್ದ. ಸಿನಿಮಾದ ಕೊನೆಯೇ ಬದಲಾಯಿತು. ಸತ್ತ ಕೆಲಸದವಳು ಕೂದಲು ಬಿಟ್ಟುಕೊಂಡು ನೆಲದ ಮೇಲೆ ಹಿಂದಕ್ಕೆ ಸರಿಯುತ್ತಾ ಬರುತ್ತಾಳೆ, ಬಾಗಿಲಲ್ಲಿ ಎದ್ದು ತಿರುಗಿ, "ನಾನು ಬರ್ತೇನಿ" ಅನ್ನುತ್ತಾಳೆ, ಕತ್ತಲು.

"ಫಿಲು ಬಾಯಿ ಯೋ ಅಂದಳಲ್ಲ, ಅದನ್ನೂ ಹಾಕು ಮಗನೇ. ಬರೀ ಬರ್ತೇನಿ ಅಂದರೆ ಅರ್ಧ ಮಾತು" ಎಂದೆ.

"ಬೇಡ ಆಂಟಿ. ಯಾರೂ ಉತ್ತರ ಕೊಡಬಾರದು. ಆಗಲೇ ಭಯ."

ಅದು ಮಾತ್ರ ಅವನು ನಿಜ ಹೇಳಿದ.

ಸಿನಿಮಾ ಫೋನಿಗೆ ಬರುವ ಹೊತ್ತಿಗೆ ನಾನು ಕೆಲಸ ಬಿಟ್ಟಿದ್ದೆ. ರೇಣುಕಾ ಅಲ್ಲೇ ಹತ್ತಿರದ ಹೊಸ ಕಾಲೊನಿಯ ನಾಲ್ಕನೇ ಮಹಡಿಯಲ್ಲಿ ನಿಧಿ ಮೇಡಂ ಎಂಬವರ ಮನೆ ಹಿಡಿದಿದ್ದಳು. ಗಂಡ ಹೆಂಡತಿ ಇಬ್ಬರೂ ಬಾಗಿಲು ಹಾಕಿಕೊಂಡು ಕಂಪ್ಯೂಟರಿನ ಮುಂದೆ ಕೂರುವವರು. ಅವರ ಮಗು ಚೀಕುವಿನ ಊಟ, ನಿದ್ದೆ, ಅಳು ಎಲ್ಲವೂ ರೇಣುಕಾಳ ಸೊಂಟದ ಮೇಲೆಯೇ. ಮಗುವಿಗೆ ಇನ್ನೂ ಮಾತು ಬಂದಿರಲಿಲ್ಲ. ರೇಣುಕಾಳ ಗಂಡನಿಗೆ ವೆರ್ಣಾದ ಫ್ಯಾಕ್ಟರಿಯ ಕೆಲಸ ಹೋಗಿ, ಕೂಲಿ ಸಿಕ್ಕರೆ ಸಿಕ್ಕಿತು ಎಂಬಂತಿತ್ತು. ಮನೆ ನಡೆಯುತ್ತಿದ್ದದ್ದು ಇವಳ ದುಡಿಮೆಯ ಮೇಲೆ.

ಮಧ್ಯಾಹ್ನ ಎರಡು ಮನೆ ಕೆಲಸದ ನಡುವಿನ ಬಿಡುವಿನಲ್ಲಿ ನಾವೆಲ್ಲ ರೇಣುಕಾಳ ಮನೆಯಲ್ಲಿ ಹಿಟ್ಟಿನ ಡಬ್ಬಿಗೆ ಫೋನು ಒರಗಿಸಿ ಸಿನಿಮಾ ನೋಡಿದೆವು. ಕೊನೆಗೆ ದೆವ್ವ ಹಿಂದಕ್ಕೆ ಸರಿಯತೊಡಗಿತು.

"ಅಕ್ಕಾ, ದೆವ್ವ ನೆಲಾ ಒರಸಾಕತ್ತೈತಿ ನೋಡ್ರಿ" ಅಂದಳು ಮಲ್ಲವ್ವ.

"ಮೂಲಿ ಬಿಟ್ಲು, ಮೂಲಿ ಬಿಟ್ಲು" ಎಂದು ಇನ್ನೊಬ್ಬಳು ಕೂಗಿದಳು.

ದೆವ್ವ ಬಾಗಿಲಲ್ಲಿ ತಿರುಗಿ, ಕಣ್ಣು ಬಿಟ್ಟು, "ನಾನು ಬರ್ತೇನಿ" ಅಂದಿತು. ನಾವೆಲ್ಲ ಒಂದೇ ಬಾಯಲ್ಲಿ, "ಹೂಂ, ಹೋಗಿ ಬಾರವಾ" ಅಂದೆವು. ಅಂದ ಮೇಲೆ ಒಬ್ಬರ ಮುಖ ಒಬ್ಬರು ನೋಡಿಕೊಂಡು ಹೊಟ್ಟೆ ಹಿಡಿದು ನಕ್ಕೆವು.

ನಗು ಆ ವಾರವೇ ಮುಗಿಯಿತು. ಶುಕ್ರವಾರ ರೇಣುಕಾ ತಲೆಗೆ ಎರೆದುಕೊಂಡು, ಒದ್ದೆ ಕೂದಲು ಬಿಟ್ಟುಕೊಂಡೇ ಕೆಲಸಕ್ಕೆ ಹೋಗಿದ್ದಳು. ಮಗು ಮಲಗಿತ್ತು. ನಿಧಿ ಮೇಡಂ ಅಪರೂಪಕ್ಕೆ ರಜೆ ಹಾಕಿ, ಪರದೆ ಎಳೆದುಕೊಂಡು, ದೊಡ್ಡ ಟಿವಿಯಲ್ಲಿ ಅದೇ ಸಿನಿಮಾ ನೋಡುತ್ತಿದ್ದರು. ದೆವ್ವ ಟಿವಿಯಲ್ಲಿ ಮಾತು ಮುಗಿಸಿತು, ಪರದೆ ಕತ್ತಲಾಯಿತು. ಅದೇ ಹೊತ್ತಿಗೆ ಒಳಗಿನ ಕೋಣೆಯಿಂದ ನೆಲ ಒರೆಸುತ್ತಾ, ಹಿಂದಕ್ಕೆ ಹಿಂದಕ್ಕೆ ಸರಿಯುತ್ತಾ, ಮುಖದ ಮೇಲೆ ಕೂದಲು ಬಿಟ್ಟುಕೊಂಡ ರೇಣುಕಾ ಪಡಸಾಲೆಗೆ ಬಂದಳು. ಸೋಫಾ ದಾಟಿ ಬಾಗಿಲಿಗೆ ಬಂದಳು. ಎದ್ದಳು. ತಿರುಗಿದಳು. "ಬರ್ತೇನ್ರಿ ಮೇಡಂ" ಅಂದಳು.

ಆ ಕೂಗು ಕೆಳಗಿನ ಗೇಟಿಗೂ ಕೇಳಿತಂತೆ. ಮೇಡಂ ರಿಮೋಟು ಎಸೆದರು, ರೇಣುಕಾ ಬಕೆಟ್ಟು ಬಿಟ್ಟಳು, ಮಗು ಎದ್ದು ಅತ್ತಿತು. ಮೇಡಂ ಯಾಕೆ ಕೂಗಿದರೆಂದು ರೇಣುಕಾಗೆ ತಿಳಿಯಲಿಲ್ಲ. ಹಿಂದೆ ಏನೋ ಇದೆ ಎಂದುಕೊಂಡು ಇವಳೂ ಕೂಗಿದಳು. ಇವಳು ಕೂಗಿದ್ದಕ್ಕೆ ಅವರು ಮತ್ತೊಮ್ಮೆ ಕೂಗಿದರು.

ಮೇಡಂ ದೂರು ಕೊಟ್ಟು, ಸಂಜೆಗೆ ರೇಣುಕಾಳ ಗೇಟ್ ಪಾಸು ನಿಂತಿತು. ಪಾಸು ನಿಂತರೆ ಒಂದು ಮನೆಯಲ್ಲ, ಆ ಕಾಲೊನಿಯ ಎಲ್ಲ ಮನೆಯೂ ಹೋದಂತೆ. ಪಕ್ಕದ ಕಾಲೊನಿಯವರೂ ಅಲ್ಲಿ ಯಾಕೆ ಬಿಡಿಸಿದರು ಎಂದೇ ಮೊದಲು ಕೇಳುವುದು.

ನಾನು ಡೈರೆಕ್ಟರನಿಗೆ ಫೋನು ಮಾಡಿದೆ, ನೀನೇ ಬಂದು ತಿಳಿಸಿ ಹೇಳು ಎಂದು. "ಅಷ್ಟು ಹೆದರಿದರಾ!" ಎಂದು ಸಂತೋಷದಿಂದ ಕೇಳಿದ. ಅವರ ಹತ್ತಿರ ಅದನ್ನೇ ಎರಡು ಸಾಲು ಬರೆಸಿ ಕಳಿಸಲು ಆಗುತ್ತದಾ ಎಂದ. ಫೋನಿಟ್ಟೆ.

ಕಾಲೊನಿಯಲ್ಲಿ ಸಭೆ ಸೇರಿತು. ಮನೆಯವರು ಕುರ್ಚಿಯಲ್ಲಿ, ನಾವು ಗೋಡೆಗೆ. ಹಿರಿಯಳೆಂದು ನನ್ನನ್ನು ಮುಂದೆ ನಿಲ್ಲಿಸಿದ್ದರು. ಸೆಕ್ರೆಟರಿ ಸಾಹೇಬರು ಹುಬ್ಬಳ್ಳಿಯಲ್ಲಿ ನೌಕರಿ ಮಾಡಿ ಬಂದವರು, ಮುರುಕು ಕನ್ನಡ ಬರುತ್ತಿತ್ತು. ಕೆಲಸದವರು ಹೊರಡುವಾಗ ಇನ್ನು ಮೇಲೆ ಬರ್ತೇನಿ ಅನ್ನಬಾರದು ಎಂದರು. ಮನೆಯಲ್ಲಿ ಮಕ್ಕಳಿದ್ದಾರೆ, ಬಸುರಿಯರಿದ್ದಾರೆ.

"ಮತ್ತೇನನಬೇಕ್ರಿ?" ಎಂದು ಕೇಳಿದೆ.

"ಸೀದಾ ಹೇಳಿ. ನಾನು ಹೋಗ್ತೀನಿ."

"ಅಯ್ಯೋ, ಬಿಡತು ಅನ್ರೀ!" ಎಂದು ಮಲ್ಲವ್ವ ಗಲ್ಲ ಬಡಿದುಕೊಂಡಳು.

"ಏನಂತೆ?" ಎಂದರು ಸಾಹೇಬರು.

"ತಾವು ಬಿಡತು ಅನಬೇಕಂತ್ರಿ. ಕೆಟ್ಟ ಮಾತು ಬಂತಲ್ರಿ ಬಾಯಾಗ."

"ನಾನ್ಯಾಕೆ ಅನ್ನಲಿ?"

"ಅಂದ್ಬಿಡ್ರೀ ಸಾಹೇಬ್ರ. ನಿಮ್ಮ ಮನ್ಯಾಗೂ ಹಿರ್ಯಾರದಾರ."

ಸಾಹೇಬರು ಆಚೀಚೆ ನೋಡಿ, ಸಣ್ಣ ದನಿಯಲ್ಲಿ, "ಬಿಡ್ತು" ಅಂದರು. ಆಮೇಲೆ ಇಂಗ್ಲಿಷಿನಲ್ಲಿ ಬಾಯ್ ಅನ್ನಬಹುದಲ್ಲ ಎಂದು ಒಬ್ಬರು ಸೂಚಿಸಿದರು. ಆದರೆ ನಾವು ಮನೆಯೊಡತಿಯನ್ನು ಕರೆಯುವುದೇ ಬಾಯಿ ಎಂದು. ಮಲ್ಲವ್ವ ಅಲ್ಲೇ ಅಭ್ಯಾಸ ಮಾಡಿದಳು: "ಬಾಯ್, ಬಾಯಿ." ಕುರ್ಚಿಯಲ್ಲಿದ್ದ ಹೆಂಗಸೊಬ್ಬರು, "ಹಾಂ, ಏನು?" ಅಂದರು. "ಏನಿಲ್ರಿ, ಬಾಯ್." "ಅದೇ, ಏನು?" ಕಡೆಗೆ ಯಾರೂ ಏನೂ ಅನ್ನದೆ ಸುಮ್ಮನೆ ಹೊರಡಬೇಕು ಎಂದು ತೀರ್ಮಾನವಾಯಿತು. ರೇಣುಕಾಳ ಪಾಸಿನ ಮಾತನ್ನು ನಾನೇ ಎತ್ತಿದೆ. ನೋಡೋಣ ಅಂದರು.

ಹೇಳದೆ ಹೊರಡುವ ಕೆಲಸದವರು ಹೇಗಿರುತ್ತಾರೆಂದು ಕಾಲೊನಿಗೆ ಆಗ ಗೊತ್ತಾಯಿತು. ಹೋದಳೋ ಇದ್ದಾಳೋ ತಿಳಿಯದೆ ಹೆಂಗಸರು ಬಚ್ಚಲು, ಬಾಲ್ಕನಿ ಎಲ್ಲ ಹುಡುಕತೊಡಗಿದರು. ಒಬ್ಬರು ಮಲ್ಲವ್ವ ಹೋಗಿದ್ದಾಳೆಂದು ಹೊರಗಿಂದ ಬೀಗ ಹಾಕಿಕೊಂಡು ಪೇಟೆಗೆ ಹೋದರು. ವಾಪಸು ಬಂದು ಬೀಗ ತೆಗೆದರೆ ಕತ್ತಲ ಪಡಸಾಲೆಯಲ್ಲಿ ಮಲ್ಲವ್ವ, ಮಾತಾಡಬಾರದೆಂಬ ನಿಯಮಕ್ಕೆ ಬದ್ಧಳಾಗಿ, ಸುಮ್ಮನೆ ನಿಂತಿದ್ದಳು. ಸೆಕ್ರೆಟರಿ ಸಾಹೇಬರೇ ಒಂದು ಮಧ್ಯಾಹ್ನ ಮನೆಯಲ್ಲಿ ಯಾರೂ ಇಲ್ಲವೆಂದು ಹಾಡಿಕೊಳ್ಳುತ್ತಾ ತಿರುಗಿದರೆ, ಕಸದ ಬುಟ್ಟಿ ಹಿಡಿದ ಹೆಂಗಸು ಹಿಂದೆಯೇ ಇದ್ದಳಂತೆ. ಬರ್ತೇನಿಯೇ ವಾಸಿಯಿತ್ತು ಎಂದು ಅವರೇ ಅಂದರು. ನಿಯಮ ತಾನಾಗಿ ಬಿತ್ತು. ರೇಣುಕಾಳ ಪಾಸು ಮಾತ್ರ ಯಾರಿಗೂ ನೆನಪಾಗಲಿಲ್ಲ.

ರೇಣುಕಾ ದಿನವೂ ಮಗುವಿನ ಊಟದ ಹೊತ್ತಿಗೆ ಹೋಗಿ ಗೇಟಿನ ಹೊರಗೆ ಕೂರುತ್ತಿದ್ದಳು. ಬ್ಯಾಡ ಅಂದರೂ ಕೇಳಲಿಲ್ಲ. "ಅದು ಯಾರ ಕೈಲೂ ಉಣ್ಣಂಗಿಲ್ರೀ ಅತ್ತಿ. ಹಸಗೊಂಡಿರತೈತಿ" ಅನ್ನುತ್ತಿದ್ದಳು. ಒಂದು ದಿನ ನಾನೂ ಜೊತೆಗೆ ಕೂತಿದ್ದೆ. ನಿಧಿ ಮೇಡಂ ಚೀಕುವನ್ನು ಎತ್ತಿಕೊಂಡು, ಕೈಯಲ್ಲಿ ಬಟ್ಟಲು ಹಿಡಿದು, ಕೆಳಗೆ ಬಂದರು. ಕಣ್ಣ ಕೆಳಗೆ ಕಪ್ಪಾಗಿತ್ತು. ಮಗು ಗೇಟಿನ ಸರಳಿನಿಂದ ಎರಡೂ ಕೈ ಹೊರಗೆ ಹಾಕಿತು. ಮೇಡಂ ಬಟ್ಟಲನ್ನೇ ಸರಳಿನ ಸಂದಿಯಿಂದ ರೇಣುಕಾಳ ಕೈಗೆ ಕೊಟ್ಟರು. ರೇಣುಕಾ ಹೊರಗಿನಿಂದ ತುತ್ತು ಕೊಟ್ಟಳು, ಮಗು ಒಳಗಿನಿಂದ ಉಂಡಿತು.

ಬಟ್ಟಲು ಖಾಲಿಯಾದ ಮೇಲೆ ಮೇಡಂ ನನ್ನನ್ನು ಹಿಂದಿಯಲ್ಲಿ ಕೇಳಿದರು: "ನಿಜ ಹೇಳಿ, ಆಕೆ ನನಗೆ ಅಂದದ್ದು ಏನು?"

"ಹೋಗುತ್ತೇನೆ ಅಂತ."

"ಆದರೆ ಬರುತ್ತೇನೆ ಅಂದಳು. ಸಿನಿಮಾದಲ್ಲಿ ಕೆಳಗೆ ಅದೇ ಅರ್ಥ ಬರೆದಿತ್ತು."

"ಹಾಗೆಯೇ ಅನ್ನುವುದು ಮೇಡಂ. ಅದು ಅರ್ಧ ಮಾತು. ಉಳಿದರ್ಧ ಒಳಗಿದ್ದವರು ಅನ್ನಬೇಕು. ಹೋಗಿ ಬಾ ಅಂತ. ಸಿನಿಮಾದಲ್ಲಿ ಅದನ್ನು ಬಿಟ್ಟಿದ್ದಾರೆ."

ಮೇಡಂ ಬಾಯಲ್ಲೇ ಅಂದು ನೋಡಿದರು. "ಹೋಗಿ ಬಾಬಾ?"

ಬಿಹಾರದ ವಾಚ್‌ಮನ್ ಪಕ್ಕದಲ್ಲೇ ನಿಂತು ನೋಡುತ್ತಿದ್ದ. ಅವನು ಆ ಗೇಟಿನಲ್ಲಿ ನಿಂತು ಈ ಮಾತನ್ನು ಎಷ್ಟು ಸಲ ಕೇಳಿದ್ದನೋ. "ಬಾಬಾ ನಹೀ ಮೇಡಂ, ಬಾ. ಏಕ್ ಬಾ" ಎಂದು ಹೇಳಿ, ಯಾರೂ ಹೇಳದೆಯೇ ಗೇಟು ತೆಗೆದ.

ಅಂದು ಸಂಜೆಯಿಂದ ನಾಲ್ಕನೇ ಮಹಡಿಯಲ್ಲಿ ಒಂದು ದನಿ, "ಬರ್ತೇನ್ರಿ ಮೇಡಂ." ಇನ್ನೊಂದು ದನಿ, ಮೆಟ್ಟಿಲು ಇಳಿಯುವವರಿಗೆಲ್ಲ ಕೇಳುವಷ್ಟು ಜೋರಾಗಿ, "ಹೋಗಿ ಬಾ!" ಪಕ್ಕದ ಬಾಗಿಲಿನವರೂ ಒಂದಿಬ್ಬರು ಕಲಿತರು. ಉಳಿದವರು ಈಗಲೂ ಟಿವಿಯಿಂದ ಕಣ್ಣು ತೆಗೆಯುವುದಿಲ್ಲ. ನಮ್ಮವರು ಅವರಿಗೂ ಬರ್ತೇನಿ ಅಂದೇ ಹೊರಡುತ್ತಾರೆ. ನೀವೂ ಹಾಗೆಯೇ ಮಾಡಿ. ಉತ್ತರ ಬರಲಿ ಬಿಡಲಿ, ನಿಮ್ಮ ಅರ್ಧ ನೀವು ಅನ್ನಿ.

ಆಮೇಲೆ ಆದದ್ದು ಇಷ್ಟು. ಮುಂದಿನ ಮಳೆಗಾಲ ಮುಗಿಯುತ್ತಲೇ ನಿಧಿ ಮೇಡಂ ಅವರಿಗೆ ದಿಲ್ಲಿಗೆ ವಾಪಸು ಹೋಗಬೇಕಾಯಿತು. ರೇಣುಕಾಳನ್ನು ಅವರೇ ಕೆಳಗಿನ ಮಹಡಿಯ ಮನೆಗೆ ಹೇಳಿ ಸೇರಿಸಿದ್ದರು. ಸಾಮಾನು ಲಾರಿಗೆ ಏರಿತು. ಕಾರಿನ ಬಾಗಿಲು ಹಾಕುವಾಗ ಚೀಕು ಕಿಟಕಿಯಿಂದ ರೇಣುಕಾಳ ಕಡೆ ಕೈ ಮಾಡಿ, "ಬತ್ತೇನಿ" ಅಂದ. ಅವನ ಬಾಯಲ್ಲಿ ಆಗ ಇದ್ದದ್ದು ನಾಲ್ಕಾರು ಮಾತು, ಅದರಲ್ಲಿ ಅದೊಂದು. ಮೇಡಂ ಮುಖ ತಿರುಗಿಸಿದರು. ರೇಣುಕಾ, "ಹೋಗಿ ಬಾರಪಾ" ಅಂದಳು. ಕಾರು ಹೋಯಿತು.

ಖಾಲಿ ಮನೆ ತೊಳೆದು ಬೀಗ ಕೊಡುವುದಿತ್ತು. ರೇಣುಕಾ ಬಕೆಟ್ಟು ತಗೊಂಡು ಮೇಲೆ ಹೋದಳು. ಹುಡುಗಿ ಒಬ್ಬಳೇ ಅತ್ತಾಳೆಂದು ನಾನೂ ಮೊಣಕಾಲು ಹಿಡಿದುಕೊಂಡು ಹಿಂದಿನಿಂದ ಮೆಟ್ಟಿಲು ಹತ್ತಿದೆ. ನಾನು ಬಂದದ್ದು ಅವಳಿಗೆ ಗೊತ್ತಿರಲಿಲ್ಲ. ಬಾಗಿಲ ಹೊರಗೆ ಗೋಡೆಗೆ ಒರಗಿ ಸುಧಾರಿಸಿಕೊಳ್ಳುತ್ತಾ ನಿಂತೆ. ಅವಳು ಮಗುವಿನ ಕೋಣೆಯಿಂದ ಒರೆಸುತ್ತಾ ಹಿಂದಕ್ಕೆ ಸರಿದು, ಪಡಸಾಲೆ ದಾಟಿ, ಬಾಗಿಲಿಗೆ ಬಂದಳು. ಎದ್ದು ನಿಂತು, ಆ ಬರೀ ಗೋಡೆಗಳನ್ನು ಒಂದು ಸಲ ನೋಡಿ, ರೂಢಿಯಂತೆ, "ಬರ್ತೇನ್ರಿ" ಅಂದಳು.

ನನಗೂ ರೂಢಿ. "ಹೋಗಿ ಬಾರವಾ" ಅಂದೆ.

ರೇಣುಕಾ ಚೀರಿದ್ದು ಗೇಟಿಗೆ ಕೇಳಿತು. ಬಕೆಟ್ಟು ಮೆಟ್ಟಿಲ ಮೇಲೆ ಉರುಳಿಕೊಂಡು ಕೆಳಗಿನ ಮಹಡಿಯವರೆಗೆ ಹೋಯಿತು. ನೀರು ಅದರ ಹಿಂದೆ ಹೋಯಿತು. ಅವಳು ನನ್ನನ್ನು ಬೈದಳು, ಅತ್ತಳು, ನಕ್ಕಳು. ಆಮೇಲೆ ಇಬ್ಬರೂ ಒಂದೊಂದು ಬಟ್ಟೆ ಹಿಡಿದು, ಮೇಲಿನ ಮೆಟ್ಟಿಲಿನಿಂದ ಒರೆಸುತ್ತಾ, ಹಿಂದಕ್ಕೆ ಹಿಂದಕ್ಕೆ ಕೆಳಗಿಳಿದೆವು.